ಎದೆಮಟ್ಟದ ಕಚ್ಚು

ಬೇಸಿಗೆಯಲ್ಲಿ ಆ ಬೆಟ್ಟದ ಮರಗಳೆಲ್ಲ ಒಂದೇ. ಎಲೆಯಿಲ್ಲ, ಹೂವಿಲ್ಲ, ಕಾಯಿಲ್ಲ. ಇಳಿಜಾರಿನ ಉದ್ದಕ್ಕೂ ಬೂದು ಬಣ್ಣದ ಕಡ್ಡಿಗಳು. ಇದರಲ್ಲಿ ಧೂಪ ಯಾವುದು, ಗುಗ್ಗುಳ ಯಾವುದು, ತಡಸಲು ಯಾವುದು ಎಂದು ಕೇಳಿದರೆ ದೊಡ್ಡ ದೊಡ್ಡ ಪದವಿ ಹೊತ್ತವರೂ ಕೆಮ್ಮಿ, ಕನ್ನಡಕ ಒರೆಸಿ, ನೀರು ಕುಡಿದು ಹೊತ್ತು ಕಳೆಯುತ್ತಾರೆ. ಸಸ್ಯ ಸಂಶೋಧನಾ ಸಂಸ್ಥೆಯ ಮೇಡಂ ಹಾಗಲ್ಲ. ಸೊಂಟದಿಂದ ಮಚ್ಚು ತೆಗೆದು ಮರದ ಎದೆಮಟ್ಟದಲ್ಲಿ ಓರೆಯಾಗಿ ಒಂದೇ ಏಟಿಗೆ ಕಚ್ಚು ಹಾಕುತ್ತಿದ್ದರು. ತೊಗಟೆ ಚಿಮ್ಮಿ ಒಳಗಿನ ಹಸಿ ಕಾಣುತ್ತಿತ್ತು. ಅದರ ಬಣ್ಣ ನೋಡಿ, ಮೂಸಿ, ಬೇಕೆನಿಸಿದರೆ ಅಂಟನ್ನು ಬೆರಳಿಂದ ನಾಲಿಗೆಗೆ ಮುಟ್ಟಿಸಿ ಮರದ ಹೆಸರು ಹೇಳಿಬಿಡುತ್ತಿದ್ದರು. ತಪ್ಪಿದ್ದೇ ಇಲ್ಲ. ಬೆನ್ನ ಹಿಂದೆ ವಿದ್ಯಾರ್ಥಿಗಳು ಅವರನ್ನು ‘ಕಚ್ಚು ಮೇಡಂ’ ಅನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಒಳಗೊಳಗೇ ಹಿಗ್ಗುತ್ತಿದ್ದರು.

ಅವರ ಕೆಲಸವೆಂದರೆ ಮರ ಎಣಿಸುವುದು. ಕೇಳುವುದಕ್ಕೆ ಕೆಲಸವಿಲ್ಲದವರ ಕೆಲಸದ ಹಾಗಿದೆ, ಮಾಡಿದವರಿಗೆ ಗೊತ್ತು ಅದರ ಪಾಡು. ಬೆಟ್ಟದ ಬಿಸಿಲು ಮಗ್ಗುಲಲ್ಲಿ ಕೆಲವು, ನೆರಳು ಮಗ್ಗುಲಲ್ಲಿ ಕೆಲವು ಚೌಕಗಳನ್ನು ಗುರುತಿಸಿ, ಮೂಲೆ ಮೂಲೆಗೆ ಸುಣ್ಣ ಬಳಿದ ಕಲ್ಲು ನೆಟ್ಟಿದ್ದರು. ಕೆಲವು ವರ್ಷಕ್ಕೊಮ್ಮೆ ಅದೇ ಚೌಕಕ್ಕೆ ಹೋಗಿ, ಒಳಗಿರುವ ಒಂದೊಂದು ಮರದ ಸುತ್ತಳತೆ ಹಿಡಿದು, ಯಾವ ಜಾತಿ, ಬದುಕಿದೆಯೋ ಸತ್ತಿದೆಯೋ ಎಂದು ಬರೆದುಕೊಂಡು ಬರಬೇಕು. ಮಳೆಗಾಲದಲ್ಲಿ ದಾರಿ ಜಾರುತ್ತದೆ, ವಿದ್ಯಾರ್ಥಿಗಳಿಗೆ ರಜೆ ಸಿಗುವುದು ಬೇಸಿಗೆಯಲ್ಲಿ. ಹಾಗಾಗಿ ಎಣಿಕೆಯೆಲ್ಲ ಎಲೆಯುದುರಿದ ಕಾಲದಲ್ಲೇ.

ಮೇಡಂಗೆ ಒಂದು ಹಠವಿತ್ತು. ಹಿಂದಿನ ಸಲ ಬರೆದ ಹೆಸರನ್ನು ನೋಡಬಾರದು. “ಹಳೇದು ನೋಡ್ಕೊಂಡು ಬರೆಯೋದು ಪರೀಕ್ಷೇಲಿ ಪಕ್ಕದವನ ಉತ್ತರ ಕದ್ದ ಹಾಗೆ. ಪ್ರತಿ ಸಲಾನೂ ಮರಾನ ಹೊಸದಾಗಿ ಕೇಳಬೇಕು” ಅನ್ನುತ್ತಿದ್ದರು. ಮರವನ್ನು ಕೇಳುವುದೆಂದರೆ ಅವರ ಭಾಷೆಯಲ್ಲಿ ಕಚ್ಚು ಹಾಕುವುದು. ಹಳೆಯ ಕಚ್ಚು ಕಪ್ಪಾಗಿರುತ್ತದೆ, ಬಣ್ಣ ತಿಳಿಯುವುದಿಲ್ಲ, ಆದ್ದರಿಂದ ಅದರ ಪಕ್ಕದಲ್ಲಿ ಹೊಸದು. ವಿದ್ಯಾರ್ಥಿಗಳೂ ಕಲಿಯಬೇಕಲ್ಲ, ಅದೇ ಮರಕ್ಕೆ ಅವರದೂ ಒಂದೊಂದು. ಕೈ ಪಳಗದ ಮಕ್ಕಳು ಕಟ್ಟಿಗೆಯವರೆಗೂ ಕೊಚ್ಚಿ ಹಾಕುತ್ತಿದ್ದರು. ಮೇಡಂ ಬೈಯುತ್ತಿದ್ದದ್ದು ಹೆಸರು ತಪ್ಪಿದರೆ ಮಾತ್ರ.

ವರ್ಷ ಕಳೆದಂತೆ ಬಿಸಿಲು ಮಗ್ಗುಲಿನ ಚೌಕಗಳಲ್ಲಿ ಮರಗಳು ಸಾಯುತ್ತ ಬಂದವು. ಮೊದಲು ತೆಳು ತೊಗಟೆಯವು: ಧೂಪ, ಗುಗ್ಗುಳ. ಆಮೇಲೆ ತಡಸಲು. ಕೊನೆಗೆ ದಪ್ಪ ತೊಗಟೆಯ ಜಾಲಿಯೊಂದೇ ಗಟ್ಟಿಯಾಗಿ ನಿಂತಿತು. ನೆರಳು ಮಗ್ಗುಲಲ್ಲಿ ಎಲ್ಲವೂ ಇದ್ದವು. ಮೇಡಂ ಬರೆದರು: ಬೆಟ್ಟ ಬಿಸಿಯಾಗುತ್ತಿದೆ, ಮಣ್ಣು ಒಣಗುತ್ತಿದೆ, ತೆಳು ತೊಗಟೆಯ ಜಾತಿಗಳು ಬಿಸಿಲಿಗೆ ಮೊದಲು ಸೋಲುತ್ತವೆ. ಎಷ್ಟು ಚೆನ್ನಾಗಿ ಹೊಂದಿಕೊಂಡಿತ್ತೆಂದರೆ ಯಾರಿಗೂ ಬೆರಳಿಡಲು ಜಾಗವೇ ಇರಲಿಲ್ಲ. ಅದು ಶಾಲೆಯ ಪಠ್ಯದಲ್ಲೂ ಸೇರಿತು. ಸಂಸ್ಥೆಯ ನಿರ್ದೇಶಕರು ನಿವೃತ್ತರಾಗುವ ಹೊತ್ತಿಗೆ ಆ ಕುರ್ಚಿ ಮೇಡಂಗೇ ಎಂದು ಕಾರಿಡಾರಿನಲ್ಲಿ ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು.

ಮನೆಯಲ್ಲಿ ಮೇಡಂ ಜೊತೆ ಇದ್ದವಳು ಅವರ ಅಕ್ಕನ ಮಗಳು, ಗುಬ್ಬಿ. ಹುಟ್ಟಿದಾಗ ಅಂಗೈಯಷ್ಟಿದ್ದಳಂತೆ, ಅದಕ್ಕೆ ಆ ಹೆಸರು. ಅಕ್ಕ ಕಾಯಿಲೆಯಲ್ಲಿ ಹೋದಳು. ಅಪ್ಪ ಅನ್ನಿಸಿಕೊಂಡವನು ಬೇರೆ ಸಂಸಾರ ಕಟ್ಟಿಕೊಂಡು ಆ ಕಡೆ ತಲೆಯೇ ಹಾಕಲಿಲ್ಲ. ಮದುವೆಯಾಗದ ಮೇಡಂ ಮಗುವನ್ನು ಎತ್ತಿಕೊಂಡು ಬಂದು ಸಾಕಿದರು. ಚೆನ್ನಾಗಿಯೇ ಸಾಕಿದರು, ಸುಳ್ಳು ಹೇಳಬಾರದು. ಜ್ವರ ಬಂದರೆ ಪಕ್ಕದಲ್ಲಿ ಕೂತರು, ಶಾಲೆಯ ಶುಲ್ಕ ಕಟ್ಟಿದರು, ಮಂಚದ ಕೆಳಗೆ ಹಳೆಯ ಪತ್ರಿಕೆಗಳ ನಡುವೆ ಒಣಗಿಸಿಟ್ಟ ಎಲೆಗಳನ್ನು ಒಂದೊಂದೇ ತೋರಿಸಿ ಹೆಸರು ಕಲಿಸಿದರು. ಹುಡುಗಿಗೆ ಈ ಪ್ರಪಂಚದಲ್ಲಿ ಇದ್ದದ್ದು ಒಬ್ಬಳೇ ಚಿಕ್ಕಮ್ಮ. ಮನೆಯಲ್ಲಿ ‘ಚಿಕ್ಕಮ್ಮ, ನೀನು’. ಸಂಸ್ಥೆಯ ಗೇಟು ದಾಟಿದ ಮೇಲೆ ‘ಮೇಡಂ, ನೀವು’. ಇದು ಇಬ್ಬರ ನಡುವಿನ ಒಪ್ಪಂದ. ಸಂಬಂಧಿಕರ ಕೈಕೆಳಗೆ ಸಂಶೋಧನಾ ಪ್ರಬಂಧ ಬರೆಯಬಾರದೆಂಬ ನಿಯಮವಿದ್ದರೂ ನಿರ್ದೇಶಕರು ಕಂಡೂ ಕಾಣದ ಹಾಗಿದ್ದರು. ಗುಬ್ಬಿ ತನ್ನ ಪ್ರಬಂಧಕ್ಕೆ ಚಿಕ್ಕಮ್ಮನ ಚೌಕಗಳನ್ನೇ ಆರಿಸಿಕೊಂಡಳು. ಅದು ಒಪ್ಪಿಗೆಯಾದರೆ ಅವಳಿಗೂ ಅಲ್ಲೇ ಕೆಲಸ, ಜೀವನಕ್ಕೊಂದು ದಾರಿ.

ಆ ವರ್ಷ ಮೇಡಂ ಮೊಣಕಾಲು ಕೈಕೊಟ್ಟಿತು. ಬೇಸಿಗೆಯ ಎಣಿಕೆ ತಪ್ಪಿಹೋಗಿ, ಮಳೆ ಬಿದ್ದ ಮೇಲೆ ಗುಬ್ಬಿಯೊಬ್ಬಳೇ ಜೀಪಿನ ಚಾಲಕನನ್ನು ಕರೆದುಕೊಂಡು ಬೆಟ್ಟಕ್ಕೆ ಹೋದಳು. ಎಲ್ಲ ಮರಗಳೂ ಎಲೆ ಬಿಟ್ಟುಕೊಂಡು ನಿಂತಿದ್ದವು. ಮಚ್ಚನ್ನು ಹೊರಗೆ ತೆಗೆಯುವ ಪ್ರಮೇಯವೇ ಬರಲಿಲ್ಲ.

ಹಿಂತಿರುಗಿದವಳು ಬೂಟು ಕೂಡ ಬಿಚ್ಚದೆ ಮನೆಯೊಳಗೆ ನುಗ್ಗಿದಳು. ಮೇಡಂ ಮೊಣಕಾಲಿಗೆ ಬಿಸಿನೀರಿನ ಚೀಲ ಒತ್ತಿಕೊಂಡು ಕೂತಿದ್ದರು.

“ಚಿಕ್ಕಮ್ಮ, ಎಲ್ಲಾ ಇದಾವೆ!”

“ಯಾವುವು? ಮೊದಲು ಬೂಟು ಬಿಚ್ಚು, ನೆಲ ನೋಡು ಏನಾಯ್ತು.”

“ಧೂಪ, ಗುಗ್ಗುಳ, ತಡಸಲು. ಬಿಸಿಲು ಮಗ್ಗುಲಲ್ಲಿ! ನೀನು ಹೋದವು ಅಂತ ಬರೆದಿದ್ದೆಲ್ಲ ಇದಾವೆ. ಸಣ್ಣ ಗಿಡ ಅಲ್ಲ, ತಬ್ಬಿಕೊಂಡ್ರೆ ಕೈ ತುಂಬೋ ಅಂಥವು.”

“ಅಷ್ಟು ದೊಡ್ಡ ಮರ ನಾಲ್ಕು ದಿನಕ್ಕೆ ಹುಟ್ಟಲ್ಲ. ಚೌಕ ತಪ್ಪಿದೀಯ.”

“ಹೂಂ, ತಪ್ಪಿರಬಹುದು. ಮೇಲಿನ ಮಣ್ಣು ಕುಸಿದು ಎರಡು ಕಲ್ಲು ಉರುಳಿ ಹೋಗಿದಾವೆ. ಆದ್ರೆ ತಪ್ಪಿದ್ರೂ ಸ್ವಲ್ಪ ಪಕ್ಕಕ್ಕೆ ಅಷ್ಟೆ, ಚಿಕ್ಕಮ್ಮ. ಅದೇ ಇಳಿಜಾರು, ಅದೇ ಬಿಸಿಲು, ಅದೇ ಮಣ್ಣು.”

ಹುಡುಗಿ ಇದನ್ನು ಸಂತೋಷಕ್ಕೆ ಹೇಳಿದಳು. ಸತ್ತಿದ್ದಾರೆ ಅಂದುಕೊಂಡ ಬಂಧುಗಳು ಬದುಕಿರುವುದು ತಿಳಿದರೆ ಯಾರಿಗೆ ಸಂತೋಷವಾಗುವುದಿಲ್ಲ? ಮೇಡಂಗೆ ಮಾತ್ರ ಮೊದಲು ಹೊಳೆದದ್ದು ಬೇರೆ. ಅದೇ ಬಿಸಿಲು, ಅದೇ ಮಣ್ಣು ಆದಮೇಲೆ ಸತ್ತವು ಯಾತಕ್ಕೆ ಸತ್ತವು? ಅವರು ಬಿಸಿನೀರಿನ ಚೀಲವನ್ನು ಪಕ್ಕಕ್ಕಿಟ್ಟು, “ಬೆಳಿಗ್ಗೆ ಜೀಪು ತರಿಸು, ನಾನೂ ಬರ್ತೀನಿ” ಅಂದರು.

ಕುಂಟುತ್ತ, ಗುಬ್ಬಿಯ ಹೆಗಲು ಹಿಡಿದುಕೊಂಡು, ಮೇಡಂ ಬೆಟ್ಟ ಹತ್ತಿದರು. ಮೊದಲು ಸಿಕ್ಕಿದ್ದು ಗುಬ್ಬಿ ತಪ್ಪಿ ಎಣಿಸಿದ್ದ ಚೌಕ. ಹುಡುಗಿ ಹೇಳಿದ್ದರಲ್ಲಿ ಒಂದಕ್ಷರ ಹೆಚ್ಚಿರಲಿಲ್ಲ. ಧೂಪದ ಮರಗಳು ಕಾಗದದಂಥ ತೊಗಟೆ ಸುಲಿದುಕೊಂಡು, ತಲೆ ತುಂಬ ಎಲೆ ಹೊತ್ತು ನಿಂತಿದ್ದವು. ಮೇಡಂ ಒಂದರ ಮೇಲೆ ಅಂಗೈ ಇಟ್ಟು ಮೇಲಿಂದ ಕೆಳಗೆ ಸವರಿದರು. ನುಣ್ಣಗಿತ್ತು. ಆ ಮರವನ್ನು ಯಾರೂ ಯಾವತ್ತೂ ಏನೂ ಕೇಳಿರಲಿಲ್ಲ.

ಅಲ್ಲಿಂದ ಕಲ್ಲೆಸೆತದಷ್ಟು ದೂರದಲ್ಲಿ ಉಳಿದೆರಡು ಸುಣ್ಣದ ಕಲ್ಲುಗಳು ಕಂಡವು. ಅವುಗಳಾಚೆ ಮೇಡಂ ಚೌಕ. ಅಲ್ಲಿ ಜಾಲಿ ಬಿಟ್ಟು ಉಳಿದ ದೊಡ್ಡ ಮರಗಳೆಲ್ಲ ನಿಂತಲ್ಲೇ ಒಣಗಿದ್ದವು. ಪ್ರತಿ ಒಣ ಮರದ ಎದೆಮಟ್ಟದಲ್ಲಿ ಕಚ್ಚುಗಳು, ಒಂದರ ಪಕ್ಕ ಒಂದು, ಕಪ್ಪಗೆ ಬಾಯಿ ತೆರೆದುಕೊಂಡಿದ್ದವು. ಸುತ್ತಲೂ ಹುಳ ಕೊರೆದ ತೂತುಗಳು. ಬುಡದಲ್ಲಿ ಮರದ ಹಿಟ್ಟು ಗುಡ್ಡೆ ಬಿದ್ದಿತ್ತು. ಬಲದಿಂದ ಎಡಕ್ಕೆ ಇಳಿಯುವ ಓರೆ ಏಟು ತಮ್ಮದೇ ಎಂದು ಮೇಡಂಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅರ್ಥವಾಗುವುದಕ್ಕೆ ಒಂದು ಉಸಿರಿನಷ್ಟು ಹೊತ್ತು ಸಾಕಾಯಿತು. ನೆರಳು ಮಗ್ಗುಲಲ್ಲಿ ತೇವವಿದೆ, ಅಲ್ಲಿ ಕಚ್ಚು ಮಾಗಿ ತೊಗಟೆ ಕೂಡಿಕೊಳ್ಳುತ್ತದೆ. ಬಿಸಿಲು ಮಗ್ಗುಲಲ್ಲಿ ಕೂಡುವುದಿಲ್ಲ, ಹುಳ ಹೊಗುತ್ತದೆ. ದಪ್ಪ ತೊಗಟೆಯದು ತಡೆದುಕೊಂಡಿತು, ತೆಳುವಿನದು ತಡೆಯಲಿಲ್ಲ. ಬಿಸಿಲಿನ ತಪ್ಪು ಎಂದು ಇಡೀ ಆಯುಷ್ಯ ಬರೆದದ್ದೆಲ್ಲ ಅವರ ಕೈಯದೇ ತಪ್ಪು. ಮರಗಳು ಯಾಕೆ ಸಾಯುತ್ತಿವೆ ಎಂದು ನೋಡಲು ಹೋಗಿ, ನೋಡಿ ನೋಡಿಯೇ ಕೊಂದಿದ್ದರು.

ಆ ಕ್ಷಣ ಮೇಡಂ ಅಲ್ಲೇ ಕೂತು ಅತ್ತಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಜನ ನಾಲ್ಕು ದಿನ ನಗುತ್ತಿದ್ದರು, ಐದನೆಯ ದಿನ ಮರೆಯುತ್ತಿದ್ದರು. ಆದರೆ ಹೆಸರಿನ ರುಚಿ ಹತ್ತಿದವರು ಅಷ್ಟು ಸುಲಭಕ್ಕೆ ಅಳುವುದಿಲ್ಲ.

ಗುಬ್ಬಿ ಒಂದು ಕಚ್ಚಿನೊಳಗೆ ಬೆರಳು ತೂರಿಸಿ ಹಿಟ್ಟು ಕೆದಕುತ್ತಿದ್ದಳು. “ಹುಳ ಹೊಕ್ಕಿರೋದು ಇಲ್ಲಿಂದಾನೇ ಅಲ್ವಾ? ಕಚ್ಚು ಇರೋವೇ...” ಎಂದವಳು ನಿಲ್ಲಿಸಿದಳು.

“ಏನು ಹೇಳಬೇಕೋ ಪೂರ್ತಿ ಹೇಳು.”

“ಕಚ್ಚು ಇಲ್ದೆ ಇರೋವೆಲ್ಲ ಬದುಕಿದಾವೆ, ಚಿಕ್ಕಮ್ಮ.”

“ಬಿಸಿಲಿಗೆ ಸೊರಗಿದ ಮರಕ್ಕೆ ಹುಳ ಬೀಳತ್ತೆ. ಮೊದಲನೇ ವರ್ಷದ ಪಾಠ, ಮರೆತುಬಿಟ್ಯಾ? ನಿನ್ನ ಚೌಕದಲ್ಲಿ ಹಳ್ಳದ ತೇವ ಇದೆ.”

“ಹಳ್ಳ ಆ ಕಡೆ ಇದೆಯಲ್ಲ.”

“ಮೇಲಿನ ಹಳ್ಳ ಅಲ್ಲ. ನೆಲದೊಳಗಿನ ತೇವ. ಅದು ಕಣ್ಣಿಗೆ ಕಾಣಲ್ಲ.”

“ಮತ್ತೆ ನಿನಗೆ ಹೇಗೆ ಕಾಣ್ತು?”

ಅವಳು ಕುಹಕಕ್ಕೆ ಕೇಳಿದ್ದಲ್ಲ. ಚಿಕ್ಕಂದಿನಿಂದ ಹೀಗೆಯೇ ಕೇಳಿ ಕೇಳಿ ಕಲಿತವಳು. ಮೇಡಂ ಅವಳ ಕಪಾಳಕ್ಕೆ ಒಂದು ಬಿಗಿದರು. ಅಷ್ಟು ವರ್ಷ ಸಾಕಿದ ಕೈ ಒಂದು ದಿನವೂ ಅವಳ ಮೇಲೆ ಎದ್ದಿರಲಿಲ್ಲ. ನೀರಿನ ಕ್ಯಾನು ಹೊತ್ತು ಬರುತ್ತಿದ್ದ ಚಾಲಕ ತಟ್ಟನೆ ಬೇರೆ ಕಡೆ ತಿರುಗಿ ನಿಂತ. ಗುಬ್ಬಿ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು, ತಾನು ಏನು ತಪ್ಪು ಮಾಡಿದೆ ಎಂದು ಯೋಚಿಸುವವಳ ಹಾಗೆ ನೋಡುತ್ತಿದ್ದಳು.

ಕಂಡದ್ದನ್ನು ಮಾತ್ರ ಅವಳು ಬಿಡಲಿಲ್ಲ. ಪ್ರಬಂಧದಲ್ಲಿ ಬರೆದಳು: ಕಲ್ಲುಗಳ ಒಳಗೆ ಇಷ್ಟು ಜಾತಿ, ಹೊರಗೆ ಇಷ್ಟು, ಬಿಸಿಲಿನ ಜೊತೆಗೆ ಕಚ್ಚಿನ ಗಾಯವೂ ಕಾರಣವಿರಬಹುದು, ನೋಡಬೇಕು. ಯಾರನ್ನೂ ದೂರಿರಲಿಲ್ಲ. ತಂದು ಚಿಕ್ಕಮ್ಮನ ಮೇಜಿನ ಮೇಲಿಟ್ಟಳು. ಮೇಡಂ ಎರಡು ದಿನ ಓದಿದರು. ಹರಿದು ಹಾಕುತ್ತಾರೆ ಅಂದುಕೊಂಡಿದ್ದವಳಿಗೆ ಸಹಿ ಹಾಕಿ ವಾಪಸು ಕೊಟ್ಟರು.

“ಕಳಿಸು. ಪರೀಕ್ಷಕರೇ ನೋಡಲಿ.”

ಗುಬ್ಬಿ ಸಂಸ್ಥೆಯಲ್ಲಿದ್ದೇವೆ ಅನ್ನುವುದನ್ನೂ ಮರೆತು ಅವರ ಕೊರಳಿಗೆ ಜೋತುಬಿದ್ದಳು. ಇಂಥ ಚಿಕ್ಕಮ್ಮ ಯಾರಿಗುಂಟು ಅನ್ನಿಸಿತು ಅವಳಿಗೆ. ಮೇಡಂ ಅವಳ ಬೆನ್ನು ತಟ್ಟಿದರು. ಹರಿದು ಹಾಕಿದರೆ ಹುಡುಗಿ ಇನ್ನೊಬ್ಬರ ಹತ್ತಿರ ಹೋಗಿ ಹೇಳುತ್ತಾಳೆ. ಎಲ್ಲರ ಎದುರಿಗೆ ಮುಗಿಸಿದರೆ ಹೇಳಲು ಯಾರೂ ಉಳಿಯುವುದಿಲ್ಲ. ಈ ಲೆಕ್ಕ ಅವರು ಆಗಲೇ ಹಾಕಿಯಾಗಿತ್ತು.

ಮೌಖಿಕ ಪರೀಕ್ಷೆ ಸಭಾ ಕೊಠಡಿಯಲ್ಲಿ. ಉದ್ದನೆಯ ಮೇಜು, ಮುಚ್ಚಳ ಹಾಕಿದ ನೀರಿನ ಲೋಟಗಳು, ತಟ್ಟೆಯಲ್ಲಿ ಬಿಸ್ಕತ್ತು, ಮೇಲೆ ಕಿರುಗುಟ್ಟುವ ಫ್ಯಾನು. ಒಂದು ಕಡೆ ನಿರ್ದೇಶಕರು. ಪಕ್ಕದಲ್ಲಿ ಬೇರೆ ಊರಿಂದ ಬಂದ ಪರೀಕ್ಷಕರು. ಅವರು ಮಣ್ಣಿನ ತಜ್ಞರು, ಮರದ ವಿಷಯದಲ್ಲಿ ಮೇಡಂ ಹೇಳಿದ್ದೇ ಅವರಿಗೆ ಪ್ರಮಾಣ. ಆ ತುದಿಯಲ್ಲಿ ಮೇಡಂ. ಗುಬ್ಬಿ ಒಣಗಿಸಿ ಹಾಳೆಗೆ ಅಂಟಿಸಿದ ಎಲೆಗಳನ್ನು ಮೇಜಿನ ಮೇಲೆ ಹರಡಿ ನಿಂತು ಹೇಳಿದಳು. ಮೊದಲು ತೊದಲಿದಳು, ಆಮೇಲೆ ಬೆಟ್ಟದ ಮಾತು ಬರುತ್ತಿದ್ದಂತೆ ಹೆದರಿಕೆ ಬಿಟ್ಟುಹೋಯಿತು. ಪರೀಕ್ಷಕರು ಬಿಸ್ಕತ್ತು ಕಚ್ಚುವುದನ್ನು ನಿಲ್ಲಿಸಿ ಕೇಳುತ್ತಿದ್ದರು.

“ಇದು ನಿಜ ಆದ್ರೆ ದೊಡ್ಡ ವಿಷಯ ಕಣಮ್ಮ” ಎಂದು ಮೇಡಂ ಕಡೆ ತಿರುಗಿದರು. “ನೀವೂ ಹೋಗಿ ನೋಡಿ ಬಂದ್ರಂತೆ?”

“ಹೋಗಿದ್ದೆ” ಎಂದರು ಮೇಡಂ. ದನಿ ಮೆತ್ತಗಿತ್ತು. “ಹುಡುಗಿ ಸುಳ್ಳು ಹೇಳೋಳಲ್ಲ. ಅದನ್ನ ನಾನು ಎಲ್ಲಿ ಬೇಕಾದ್ರೂ ಹೇಳ್ತೀನಿ. ಆದ್ರೆ ಬಾಯಿಬಿಟ್ಟು ಹೇಳೋಕೆ ಕಷ್ಟ ಆಗೋ ಒಂದು ಮಾತಿದೆ. ಸಾಕಿದೋಳು ನಾನು, ನಾನೇ ಹೇಳಬೇಕು.”

ಒಂದು ಗುಟುಕು ನೀರು ಕುಡಿದರು.

“ಇವಳಿಗೆ ಚಿಕ್ಕಂದಿನಿಂದ ಇಲ್ಲದ್ದು ಕಾಣತ್ತೆ. ನಮ್ಮಕ್ಕ ತೀರಿಕೊಂಡ ಮೇಲೆ ದಿನಾ ಸಂಜೆ ಬಾಗಿಲ ಹತ್ತಿರ ಹೋಗಿ, ಅಮ್ಮ ಬಂದಿದಾಳೆ ಅನ್ನೋಳು. ಒದ್ದೆ ಕೂದಲು ಒರೆಸ್ಕೊಂಡು ನಿಂತಿದಾಳೆ, ಒಳಗೆ ಕರಿ ಚಿಕ್ಕಮ್ಮ ಅನ್ನೋಳು. ಒಂದು ದಿನ ಎರಡು ದಿನ ಅಲ್ಲ, ವರ್ಷಗಟ್ಟಲೆ. ವೈದ್ಯರ ಹತ್ತಿರ ಓಡಾಡಿದೀನಿ. ಬೇಕು ಅನ್ನಿಸಿದ್ದು ಇದೆ ಅಂತಲೇ ಕಾಣೋದು ಇವಳಿಗೆ. ಆಗ ಅಮ್ಮ, ಈಗ ಮರ.”

ಆ ವಿಷಯ ಆ ಮನೆಯ ಎರಡು ಜೀವ, ಆ ವೈದ್ಯರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಅದನ್ನು ಗುಬ್ಬಿ ಯಾವತ್ತೋ ಒಂದು ದಿನ ಚಿಕ್ಕಮ್ಮನ ಮಡಿಲಲ್ಲಿ ಅತ್ತು ಮುಗಿಸಿದ್ದಳು. ಈಗ ಅದು ಬಿಸ್ಕತ್ತಿನ ತಟ್ಟೆಯ ಪಕ್ಕದಲ್ಲಿ ಎಲ್ಲರಿಗೂ ಕಾಣುವ ಹಾಗೆ ಬಿದ್ದಿತ್ತು.

“ಎಲೆಗಳಂತೂ ನಿಜವೇ ಇದಾವಲ್ಲ” ಎಂದು ಪರೀಕ್ಷಕರು ಗೊಣಗಿದರು.

“ಎಲೆ ನಿಜ. ಎಲ್ಲಿಯವು ಅನ್ನೋದು ಪ್ರಶ್ನೆ. ನೆರಳು ಮಗ್ಗುಲಲ್ಲಿ ಬೇಕಾದಷ್ಟಿದಾವೆ.”

ನಿರ್ದೇಶಕರು ಗುಬ್ಬಿಯ ಕಡೆ ತಿರುಗಿದರು. “ಏನಮ್ಮ, ತಾಯಿ ವಿಷಯ ನಿಜಾನಾ?”

“ನಿಜ ಸರ್. ಕಾಣ್ತಿದ್ಲು.” ಗುಬ್ಬಿಯ ಕಣ್ಣಿನಲ್ಲಿ ಇನ್ನೂ ನಂಬಿಕೆಯಿತ್ತು, ಚಿಕ್ಕಮ್ಮ ಎಲ್ಲೋ ಮರೆತಿದ್ದಾಳೆ, ನೆನಪಿಸಿದರೆ ಸರಿಹೋಗುತ್ತದೆ ಎಂಬಂತೆ ಕೇಳಿದಳು: “ಚಿಕ್ಕಮ್ಮ, ನೀನೂ ಧೂಪದ ಮರ ಸವರಿ ನೋಡಿದೆಯಲ್ಲ? ಮೇಲಿಂದ ಕೆಳಗೆ?”

ಒಪ್ಪಂದ ಮುರಿದು ಸಂಸ್ಥೆಯೊಳಗೆ ಚಿಕ್ಕಮ್ಮ ಅಂದಿದ್ದಳು. ಮೇಡಂ ಅವಳನ್ನು ತಿದ್ದಲಿಲ್ಲ. ಎದ್ದು ಹೋಗಿ ತಲೆಯ ಮೇಲೆ ಕೈಯಿಟ್ಟರು.

“ಇಲ್ಲ ಮಗು. ನಾವು ಹೋದಾಗ ಅಲ್ಲಿ ಒಣ ಮರ ಬಿಟ್ಟು ಬೇರೇನೂ ಇರಲಿಲ್ಲ.”

ಬೆಟ್ಟ ಅಲ್ಲೇ ಇತ್ತು, ಹತ್ತಿ ನೋಡಬಹುದಿತ್ತು. ಪರೀಕ್ಷಕರಿಗೆ ಸಂಜೆ ರೈಲಿತ್ತು. ಎಲ್ಲವನ್ನೂ ಕಣ್ಣಾರೆ ಕಂಡಿದ್ದ ಚಾಲಕ ಹೊರಗೆ ಜೀಪಿಗೆ ಒರಗಿಕೊಂಡು ಚಹಾ ಕುಡಿಯುತ್ತಿದ್ದ. ಅವನನ್ನು ಒಳಗೆ ಕರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಪ್ರಬಂಧ ತಿರಸ್ಕೃತವಾಯಿತು. ಹುಡುಗಿಗೆ ವಿಶ್ರಾಂತಿ ಬೇಕು, ಒಳ್ಳೆಯ ವೈದ್ಯರಿಗೆ ತೋರಿಸಬೇಕು ಎಂದು ಮೂವರೂ ಕನಿಕರದಿಂದ ಒಪ್ಪಿಕೊಂಡರು.

ಮನೆಯಲ್ಲಿ ಹುಡುಗಿ ಕೂಗಾಡುತ್ತಾಳೆ, ಪಾತ್ರೆ ಎಸೆಯುತ್ತಾಳೆ ಎಂದು ಮೇಡಂ ಸಿದ್ಧವಾಗಿದ್ದರು. ಯಾವ ಮಾತಿಗೆ ಯಾವ ಉತ್ತರ ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದರು. ಗುಬ್ಬಿ ಮುಖ ತೊಳೆದುಕೊಂಡು ಬಂದು ತಟ್ಟೆ ಹಾಕಿದಳು. ಊಟದ ನಡುವೆ ಒಂದೇ ಒಂದು ಮಾತು ಕೇಳಿದಳು.

“ಚಿಕ್ಕಮ್ಮ, ಅವತ್ತು ಬೆಟ್ಟದಲ್ಲಿ ನೀನು ನನಗೆ ಹೊಡೆದಿದ್ದು ನಿಜ ತಾನೆ?”

ಅವಳ ಕೈಗೆ ಸಿಗುತ್ತಿದ್ದ ಕೊನೆಯ ಕೊಂಬೆ ಅದು. ಹೌದು ಎಂದಿದ್ದರೆ ಆ ದಿನವೂ ನಿಜ, ಆ ಮರಗಳೂ ನಿಜ, ಅವಳ ಕಣ್ಣೂ ನಿಜವಾಗುತ್ತಿತ್ತು. ಮೇಡಂಗೆ ಇದು ಗೊತ್ತಾಯಿತು. ತುತ್ತು ನುಂಗಿ ಹೇಳಿದರು:

“ನಾನು ಯಾವತ್ತಾದ್ರೂ ನಿನ್ನ ಮೇಲೆ ಕೈ ಎತ್ತಿದೀನಾ, ಮಗು?”

ಗುಬ್ಬಿ ಕೆನ್ನೆ ಮುಟ್ಟಿಕೊಂಡಳು. “ಇಲ್ಲ, ಎತ್ತಿಲ್ಲ” ಎಂದು ತಲೆಯಾಡಿಸಿ ತಟ್ಟೆ ಎತ್ತಿಕೊಂಡು ಹೋದಳು.

ಅಲ್ಲಿಂದ ಶುರುವಾಯಿತು. ನಲ್ಲಿ ಸೋರ್ತಾ ಇದೆ ಅಲ್ವಾ? ಬಾಗಿಲು ಯಾರೋ ತಟ್ಟಿದರಾ? ಈ ಬಟ್ಟೆ ಒಣಗಿದೆಯಾ? ಬೀದಿ ದಾಟುವಾಗ ಎದುರಿಗೆ ಬರುವ ಬಸ್ಸನ್ನೂ ಪಕ್ಕದವರನ್ನು ಕೇಳಿ ಖಾತ್ರಿ ಮಾಡಿಕೊಳ್ಳತೊಡಗಿದಳು. ಮೇಡಂಗೆ ಮೊದಲು ನಿರಾಳವಾಯಿತು, ಆಮೇಲೆ ಅದೇ ಅನುಕೂಲವೆನಿಸಿತು, ಆಮೇಲೆ ರೇಗತೊಡಗಿತು. ನಿರ್ದೇಶಕರ ಕುರ್ಚಿ ಸಿಕ್ಕ ಮೇಲೆ ಅವಳನ್ನು ತಮ್ಮ ಸಹಾಯಕಿಯಾಗಿ ಇಟ್ಟುಕೊಂಡರು: ಟೇಪು ಹಿಡಿಯುವುದು, ಹೇಳಿದ್ದು ಬರೆಯುವುದು. ಎಂಥ ದೊಡ್ಡ ಮನಸ್ಸು, ಇನ್ನೊಬ್ಬರಾಗಿದ್ದರೆ ಆ ಹುಡುಗಿಯನ್ನು ಬೀದಿಗೆ ಬಿಡುತ್ತಿದ್ದರು ಎಂದು ಸಂಸ್ಥೆಯವರೆಲ್ಲ ಹೊಗಳಿದರು.

ಮರುವರ್ಷ ಮಳೆ ನಿಂತ ಮೇಲೆ ಮೇಡಂ ಚೌಕದ ಕಲ್ಲುಗಳನ್ನು ಮತ್ತೆ ನೆಡಲು ಹೊರಟರು. ಇನ್ನು ಯಾರೂ ಪಕ್ಕಕ್ಕೆ ಸರಿದು ಎಣಿಸಬಾರದಲ್ಲ. ಉರುಳಿದ್ದ ಕಲ್ಲುಗಳನ್ನು ಹಳೆಯ ಮೂಲೆಗೆ ಹೂತು, ಸುಣ್ಣ ಬಳಿದು, ಗುಬ್ಬಿಯನ್ನು ಕರೆದುಕೊಂಡು ಎಣಿಕೆ ಶುರುಮಾಡಿದರು. ಮೇಡಂ ಹೇಳುತ್ತಿದ್ದರು, ಗುಬ್ಬಿ ಬರೆಯುತ್ತಿದ್ದಳು. ಧೂಪ, ಸತ್ತಿದೆ. ಗುಗ್ಗುಳ, ಸತ್ತಿದೆ. ಜಾಲಿ, ಇದೆ. ಹುಡುಗಿ ತಲೆ ಎತ್ತುತ್ತಲೇ ಇರಲಿಲ್ಲ. ಕೆಲಸ ಸರಾಗವಾಗಿ ಸಾಗುತ್ತಿತ್ತು, ಅಷ್ಟು ಸರಾಗ ಮೇಡಂಗೆ ಸಹಿಸಲಾಗಲಿಲ್ಲ.

ಚೌಕದ ಮೇಲ್ತುದಿಯಲ್ಲಿ ಒಂದು ಎಳೆಯ ಧೂಪದ ಮರವಿತ್ತು. ಹಿಂದಿನ ಎಣಿಕೆಗಳಲ್ಲಿ ಹೆಬ್ಬೆರಳಿನಷ್ಟು ದಪ್ಪವೂ ಇಲ್ಲದ್ದರಿಂದ ಕಚ್ಚಿಗೆ ಸಿಕ್ಕಿರಲಿಲ್ಲ. ಈಗ ತೋಳಿನಷ್ಟು ಬೆಳೆದು, ಬುಡದಿಂದ ತುದಿಯವರೆಗೆ ಹೊಸ ಎಲೆ ಬಿಟ್ಟಿತ್ತು. ಗುಬ್ಬಿ ಟೇಪು ಸುತ್ತಿ ಅಳತೆ ಓದಿದಳು. ಎಲೆಗಳು ಅವಳ ಹಣೆಗೆ ತಾಗುತ್ತಿದ್ದವು.

ಏನು ಹೊಕ್ಕಿತೋ ಮೇಡಂ ತಲೆಗೆ, ಹೇಳಿದರು: “ಧೂಪ. ಸತ್ತಿದೆ.”

ಗುಬ್ಬಿ ತಲೆ ಎತ್ತಿದಳು. ಎಲೆಗಳನ್ನು ನೋಡಿದಳು, ಚೆನ್ನಾಗಿಯೇ ನೋಡಿದಳು. ಆಮೇಲೆ ಹಾಳೆಯ ಮೇಲೆ ಬಗ್ಗಿ ಬರೆದುಕೊಂಡಳು.

ಜಗಳ ಬೇಕಾಗಿತ್ತು ಮೇಡಂಗೆ. ‘ಮತ್ತೆ ನಿನಗೆ ಹೇಗೆ ಕಾಣ್ತು’ ಎಂದು ಕೇಳುವ ಆ ಹುಡುಗಿ ಬೇಕಾಗಿದ್ದಳು, ಒಂದು ಮಾತಿಗಾದರೂ. ಭಯವಾಯಿತು ಅವರಿಗೆ.

“ಏನೇ ಬರೆದೆ? ಎಲೆ ಕಾಣಲ್ವಾ ನಿನಗೆ? ಕಣ್ಣೆದುರಿಗೇ ಇದಾವೆ!”

“ಕಾಣತ್ತೆ ಮೇಡಂ” ಎಂದಳು ಗುಬ್ಬಿ. ದನಿಯಲ್ಲಿ ಕೊಂಕಿರಲಿಲ್ಲ, ಕೋಪವಿರಲಿಲ್ಲ. ತನ್ನ ಕಾಯಿಲೆಯನ್ನು ತಾನೇ ವಿವರಿಸುವ ರೋಗಿಯ ಹಾಗೆ, ಸಂಕೋಚದಿಂದ ಹೇಳಿದಳು: “ಆದ್ರೆ ನನಗೆ ಇಲ್ಲದ್ದೂ ಕಾಣತ್ತಲ್ಲ. ನೀವು ಹೇಳಿ, ಏನು ಅಂತ ಬರೀಲಿ?”

ಪೆನ್ನು ಹಿಡಿದು ಕಾದು ನಿಂತಳು. ಗಾಳಿಗೆ ಎಲೆಗಳು ಅಲ್ಲಾಡುತ್ತಿದ್ದವು. ಬದುಕಿದೆ ಎನ್ನುವ ಒಂದು ಮಾತು ಮೇಡಂ ನಾಲಿಗೆಯ ತುದಿಯವರೆಗೆ ಬಂತು. ಅದರ ಹಿಂದೆಯೇ, ಬಿಸಿಲು ಮಗ್ಗುಲಿನ ಚೌಕದಲ್ಲಿ ಧೂಪ ಪೂರ್ತಿ ಅಳಿದಿದೆ ಎಂದು ಅಚ್ಚಿಗೆ ಹೋಗಿದ್ದ ಹೊಸ ಪಠ್ಯದ ಸಾಲೂ ನೆನಪಾಯಿತು. ಹುಡುಗಿಗಂತೂ ಯಾವುದಾದರೂ ಒಂದೇ ಆಗಿತ್ತು.

“ಬರೆದಿದ್ದು ಇರಲಿ ಬಿಡು” ಎಂದರು. “ಮುಂದಿನದಕ್ಕೆ ನಡಿ.”

ಗುಬ್ಬಿ ಟೇಪು ಸುತ್ತಿಕೊಂಡಳು. ಕಣ್ಣಿಗೆ ಚುಚ್ಚದಂತೆ ಆ ಮರದ ಎಲೆಗಳನ್ನು ಕೈಯಿಂದ ಸರಿಸಿ, ತಲೆ ತಗ್ಗಿಸಿ ಅದರ ಕೆಳಗಿಂದ ಹಾದು, ಮುಂದಿನ ಮರದ ಹತ್ತಿರ ಹೋಗಿ ನಿಂತಳು.